ಕಾಳಿ ನದಿಯ ಎರಡೂ ದಡದಲ್ಲಿ ಹೊಸ ಕಾರು ಕೊಳ್ಳುವವರಿಗೆ



ಚಿತ್ತಾಕುಲ, ಮಾಜಾಳಿ, ಅಸ್ನೋಟಿಯಿಂದ ಹಿಡಿದು ಕಾರವಾರ ಪೇಟೆ, ಅಮದಳ್ಳಿ, ಅವರ್ಸಾ, ಬೇಲೆಕೇರಿ, ಅಂಕೋಲೆಯವರೆಗೆ ಈಚೆಗೆ ಹೊಸ ಕಾರು ಕೊಂಡವರಿಗೆ, ಮುಂಗಡ ಕೊಟ್ಟು ಡೆಲಿವರಿಗೆ ಕಾಯುತ್ತಿರುವವರಿಗೆ ಈ ಪತ್ರ. ನಿಮ್ಮಲ್ಲಿ ಕೈಗಾದ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋಗುವವರಿದ್ದೀರಿ, ಅರಗಾದ ನೌಕಾನೆಲೆಯಲ್ಲಿ ದುಡಿಯುವವರಿದ್ದೀರಿ, ದಿನವೂ ಗಡಿ ದಾಟಿ ಗೋವಾದ ಕಾರ್ಖಾನೆಗಳಿಗೆ ಹೋಗಿಬರುವವರಿದ್ದೀರಿ, ಟ್ಯಾಕ್ಸಿ ಓಡಿಸಿ ಮನೆ ನಡೆಸುವವರಿದ್ದೀರಿ. ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದ ಮೇಲೆ, ಇಷ್ಟು ದಿನ ಬೈಕಿನಲ್ಲೇ ಸುಧಾರಿಸಿಕೊಂಡಿದ್ದ ಎಷ್ಟೋ ಮನೆಗಳ ಅಂಗಳಕ್ಕೆ ಮೊದಲ ಕಾರು ಬಂದಿದೆ. ನೋಡಿ ಸಂತೋಷವಾಗುತ್ತದೆ.

ಆ ಸಂತೋಷದ ಜೊತೆಗೆ ನನಗೊಂದು ಕಳವಳವೂ ಇದೆ. ಐದು ವರ್ಷ, ಏಳು ವರ್ಷ ಕಂತು ಕಟ್ಟಬೇಕಾದ ಗಾಡಿ ಅದು. ಕಂತು ಮುಗಿಯುವ ಮೊದಲೇ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ ತುಕ್ಕಿನ ಗುಳ್ಳೆ ಎದ್ದ ಕಾರುಗಳು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟಿವೆ. ನಾನು ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಕಾರು ಕೊಳ್ಳುವ ನೆರೆಹೊರೆಯವರು, ಹಳೆಯ ವಿದ್ಯಾರ್ಥಿಗಳು ನನ್ನ ಬಳಿ ತರುವ ಪ್ರಶ್ನೆ ಒಂದೇ: ‘ಸರ್, ಷೋರೂಮಿನವರು ಕೋಟಿಂಗ್ ಹಾಕಿಸಿ ಅಂತಿದ್ದಾರೆ, ಏನು ಮಾಡ್ಲಿ?’ ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಸಾಲದ ಕಾಗದ, ವಿಮೆ, ನೋಂದಣಿ ಎಲ್ಲ ಮುಗಿದು ನೀವು ಎದ್ದೇಳುವ ಹೊತ್ತಿಗೆ ಕೋಟಿಂಗುಗಳ ಪಟ್ಟಿಯ ಹಾಳೆ ಮೇಜಿನ ಮೇಲೆ ಬರುತ್ತದೆ. ಟೆಫ್ಲಾನ್, ಸೆರಾಮಿಕ್, ಗ್ರ್ಯಾಫೀನ್, ಪಿಪಿಎಫ್, ಅಂಡರ್‌ಬಾಡಿ ಕೋಟಿಂಗ್. ಸೆರಾಮಿಕ್ಕಿಗೆ ಸಾಮಾನ್ಯವಾಗಿ 15,000ದಿಂದ 40,000 ರೂಪಾಯಿ, ಇಡೀ ಗಾಡಿಗೆ ಪಿಪಿಎಫ್ ಫಿಲ್ಮ್ ಹಾಕಿಸಿದರೆ ಅದರ ಎರಡು ಮೂರು ಪಟ್ಟು, ಇನ್ನೂ ಹೆಚ್ಚು. ‘ಸಮುದ್ರದ ಹತ್ತಿರ ಮನೆ ಅಲ್ವಾ ಸರ್, ಇದು ಬೇಕೇಬೇಕು’ ಎನ್ನುತ್ತಾರೆ. ಲಕ್ಷಗಳ ಲೆಕ್ಕದಲ್ಲಿ ಮುಳುಗಿರುವಾಗ ಇಪ್ಪತ್ತೈದು ಸಾವಿರ ಸಣ್ಣದಾಗಿ ಕಾಣುತ್ತದೆ. ಅದನ್ನೂ ಸಾಲಕ್ಕೇ ಸೇರಿಸುತ್ತೇವೆ ಎಂದರಂತೂ ಮುಗಿಯಿತು, ಸಹಿ ಬಿದ್ದೇಬಿಡುತ್ತದೆ.

ಸಮುದ್ರದ ಹತ್ತಿರ ಇರುವುದರಿಂದ ಕಾರಿಗೆ ಅಪಾಯ ಎಂಬ ಮಾತು ನಿಜ. ಆದರೆ ನಮ್ಮ ಕರಾವಳಿಯಲ್ಲಿ ಕಾರನ್ನು ತಿನ್ನುವ ಉಪ್ಪು ತನ್ನ ಕೆಲಸವನ್ನು ಹೆಚ್ಚಾಗಿ ನಡೆಸುವುದು ಹೊರಮೈಗೆ ಹಚ್ಚುವ ಈ ಕೋಟಿಂಗ್‌ಗಳು ತಲುಪದ ಜಾಗಗಳಲ್ಲಿ. ಬಾನೆಟ್ಟಿನ ಹೊಳಪಿಗೆ ದುಡ್ಡು ಸುರಿದು ಅಡಿಭಾಗವನ್ನು ಮರೆತರೆ ಆ ದುಡ್ಡು ಗಾಡಿಯನ್ನು ಕಾಯುವುದಿಲ್ಲ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದವರ ನಾಡು ನಮ್ಮದು. ಉಪ್ಪಿನ ಗುಣವನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಸಾಣಿಕಟ್ಟೆಯ ಹರಳುಪ್ಪು ಮಳೆಗಾಲದಲ್ಲಿ ಭರಣಿಯೊಳಗೇ ನೀರೊಡೆಯುವುದನ್ನು ಪ್ರತಿ ಮನೆಯ ಹೆಂಗಸರೂ ಬಲ್ಲರು. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದು ಕರಗಲು ಶೇ. 33 ತೇವ ಸಾಕು. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಕಣ್ಣಿಗೆ ಕಾಣದ ಉಪ್ಪುನೀರಿನ ಹನಿಗಳು ಗಾಳಿಗೆ ಸೇರುತ್ತವೆ. ಮಧ್ಯಾಹ್ನದ ಪಡುವಣ ಗಾಳಿ ಅವನ್ನು ಊರೊಳಗೆ ತರುತ್ತದೆ. ಕಾರಿನ ಸಂದುಗೊಂದುಗಳಲ್ಲಿ ಕೂತ ಆ ಉಪ್ಪು, ಮಳೆ ಬರದ ತಿಂಗಳಲ್ಲೂ ರಾತ್ರಿಯೆಲ್ಲ ಆ ಜಾಗವನ್ನು ಒದ್ದೆಯಾಗಿಡುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದರೆ ತುಕ್ಕು. ಆ ನೀರು ಉಪ್ಪಾಗಿದ್ದರೆ ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿದು ತುಕ್ಕು ಬಹಳ ಚುರುಕಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಒಳಗಿನಿಂದಲೇ ಬಣ್ಣವನ್ನು ಎತ್ತುತ್ತದೆ. ಗುಳ್ಳೆ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಗಡು ಸಾಕಷ್ಟು ಸವೆದಿರುತ್ತದೆ.

ದಂಡೆಯಿಂದ ದೂರ ಹೋದಷ್ಟೂ ಈ ಉಪ್ಪು ಬೇಗ ಕಡಿಮೆಯಾಗುತ್ತದೆ. ಅಲೆಯ ಸದ್ದು ಕೇಳುವ ಮನೆಗೂ ಹೆದ್ದಾರಿಯಾಚೆ ಗುಡ್ಡದ ಬುಡದ ಮನೆಗೂ ಬಹಳ ಅಂತರವಿದೆ. ಲೋಹ ಸವೆಯುವ ವೇಗ ನೋಡಿ ಪರಿಸರಗಳನ್ನು ವಿಂಗಡಿಸುವ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡವೊಂದಿದೆ. ಅದರಲ್ಲಿ ಒಣ ಒಳಾಂಗಣ ಸಿ1, ಉಪ್ಪು ಹೆಚ್ಚಿರುವ ಕಡಲಂಚು ಸಿ5, ಅದಕ್ಕೂ ಕಠಿಣವಾದದ್ದು ಸಿಎಕ್ಸ್. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ಭಾರತದ ತುಕ್ಕಿನ ನಕ್ಷೆಯನ್ನೇ ತಯಾರಿಸಿದೆ. ಒಂದೇ ಕಾರು ಹುಬ್ಬಳ್ಳಿಯಲ್ಲಿ ಬಾಳುವುದಕ್ಕೂ ಇಲ್ಲಿ ಬಾಳುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಹಾಗಾಗಿ ಹುಬ್ಬಳ್ಳಿ, ಬೆಂಗಳೂರಿನ ಸ್ನೇಹಿತರ ಸಲಹೆಯನ್ನು ಹಾಗೇ ತಂದು ಇಲ್ಲಿ ಪಾಲಿಸಬೇಡಿ. ಅವರ ತೊಂದರೆ ಧೂಳು, ಬಿಸಿಲು ಮತ್ತು ಬೋರ್‌ವೆಲ್ಲಿನ ಗಡಸು ನೀರು.

ಒಂದು ವಿಷಯವನ್ನು ನಾವು ತಿರುವುಮುರುವಾಗಿ ನಂಬಿದ್ದೇವೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾರು ಹಾಳಾಗುವುದು ಆ ನಾಲ್ಕು ತಿಂಗಳಲ್ಲಿ ಎಂದುಕೊಂಡು ಮಳೆ ಬಿಟ್ಟ ಮೇಲೆ ನಿಶ್ಚಿಂತರಾಗುತ್ತೇವೆ. ಆದರೆ ಬಯಲಿಗೆ ನಿಂತ ಕಾರಿನ ಮೈಯನ್ನು ಮಳೆ ದಿನಕ್ಕೆ ಹತ್ತು ಸಲ ತೊಳೆಯುತ್ತಿರುತ್ತದೆ, ಅಲ್ಲಿ ಉಪ್ಪು ನಿಲ್ಲುವುದಿಲ್ಲ. ಮಳೆಯ ನೀರು ತಾಗದ ಜಾಗವೇ ಬೇರೆ: ಚಾಸಿ, ಮಡ್‌ಗಾರ್ಡಿನ ಒಳಮೈ, ಬಾಗಿಲಿನ ಒಳಗಿನ ಪೊಳ್ಳು, ಡಿಕ್ಕಿಯ ಮಡಿಕೆ. ಅಲ್ಲಿ ಕೂತ ಉಪ್ಪನ್ನು ಯಾವ ಮಳೆಯೂ ತೊಳೆಯುವುದಿಲ್ಲ. ಕೆಂಪುಮಣ್ಣಿನ ಕೆಸರು ಮೆತ್ತಿಕೊಂಡರೆ ಆ ತೇವ ವಾರಗಟ್ಟಲೆ ಆರುವುದೂ ಇಲ್ಲ. ಮನೆಯ ಗೇಟಿನ ಸರಳುಗಳನ್ನು ನೋಡಿ, ಮಳೆಗೆ ಒಡ್ಡಿದ ಕಡೆಗಿಂತ ಮಾಡಿನ ಮರೆಯಲ್ಲಿರುವ ಕಡೆ ತುಕ್ಕು ಮೊದಲು ಹತ್ತಿರುತ್ತದೆ. ಇನ್ನು ನವೆಂಬರ್‌ನಿಂದ ಮೇ ತನಕ ತೊಳೆಯಲು ಮಳೆ ಹೆಚ್ಚೇನೂ ಇಲ್ಲ, ಗಾಳಿ ಮಾತ್ರ ಉಪ್ಪು ತರುತ್ತಲೇ ಇರುತ್ತದೆ. ಹೆಚ್ಚು ತೊಳೆಯಬೇಕಾದದ್ದು ಒಣ ತಿಂಗಳುಗಳಲ್ಲಿ. ಇದೊಂದನ್ನು ನೀವು ನೆನಪಿಟ್ಟರೆ ಈ ಪತ್ರ ಬರೆದದ್ದು ಸಾರ್ಥಕ.

ಕಾರವಾರದ ಬೈತಖೋಲದ ಬಂದರಿಗೆ ಜೂನ್, ಜುಲೈನಲ್ಲಿ ಹೋಗಿ ನೋಡಿ. ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಆ ಬಿಡುವಿನಲ್ಲಿ ಬೋಟನ್ನು ಮೇಲಕ್ಕೆ ಎಳೆದು ದುರಸ್ತಿ ಮಾಡುವವರು ಮೊದಲು ಕೈಹಾಕುವುದು ತಳಕ್ಕೆ. ಕೆರೆದು, ಒಣಗಿಸಿ, ಬಣ್ಣ ಕೊಟ್ಟು, ಉಕ್ಕಿನ ಮೈಯಾದರೆ ನೀರಿನಡಿಯಲ್ಲಿ ಸತುವಿನ ತುಂಡುಗಳನ್ನು ಹೊಸದಾಗಿ ಜೋಡಿಸುತ್ತಾರೆ. ಉಕ್ಕಿನ ಬದಲು ಸತು ತಾನು ಸವೆಯುತ್ತದೆ. ಒಂದು ಲೋಹವನ್ನು ಬಲಿಕೊಟ್ಟು ಇನ್ನೊಂದನ್ನು ಕಾಯುವ ಈ ಉಪಾಯವನ್ನು ಹಂಫ್ರಿ ಡೇವಿ ಎಂಬ ವಿಜ್ಞಾನಿ 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳಿಗಾಗಿ ಕಂಡುಹಿಡಿದ. ನಮ್ಮ ಕಡಲ ಜನವೂ ಹಿಂದಿನಿಂದ ಮರದ ದೋಣಿಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತ ಬಂದಿದ್ದಾರೆ. ಒಮ್ಮೆ ಬಳಿದರೆ ಐದು ವರ್ಷ ಎಂದು ಅವರಾರೂ ನಂಬಿದವರಲ್ಲ, ವರ್ಷವರ್ಷವೂ ಬಳಿಯುತ್ತಾರೆ. ಕಡಲಿನಿಂದ ಹೊಟ್ಟೆ ಹೊರೆಯುವವರ ಈ ತಿಳಿವಳಿಕೆ ಕಾರಿಗೂ ಸಲ್ಲುತ್ತದೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಕಾರ್ಖಾನೆಯಲ್ಲಿ ಕಾರಿನ ತಗಡಿಗೆ ಮೊದಲು ಫಾಸ್ಫೇಟಿನ ಲೇಪ, ಆಮೇಲೆ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಅಂಟಿಸುವ ಪ್ರೈಮರ್, ಅದರ ಮೇಲೆ ಇನ್ನೊಂದು ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕ ಕ್ಲಿಯರ್‌ಕೋಟ್. ಎಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್ ದಪ್ಪ. ಮುಳುಗಿಸುವ ಪ್ರೈಮರನ್ನು 170 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಮೇಲಿನದನ್ನು 140ರ ಆಸುಪಾಸು ಬೇಯಿಸಿರುತ್ತಾರೆ. ತುಕ್ಕಿನಿಂದ ನಿಜವಾಗಿ ಕಾಯುವುದು ಕೆಳಗಿನ ಈ ಪದರಗಳು, ಅವುಗಳ ಕೆಳಗೆ ತಗಡಿಗೆ ಸತು ಲೇಪಿಸಿದ್ದರೆ ಆ ಸತು. ಕಾರು ಆರಿಸುವಾಗಲೇ ಯಾವ ಯಾವ ಭಾಗ ಗ್ಯಾಲ್ವನೈಸ್ ಆಗಿದೆ ಎಂದು ಕೇಳಿ. ಕೋಟಿಂಗ್ ಯಾವುದು ಎಂಬ ಪ್ರಶ್ನೆಗಿಂತ ಇದಕ್ಕೆ ತೂಕ ಹೆಚ್ಚು, ಆದರೆ ನಮ್ಮಲ್ಲಿ ಇದನ್ನು ಕೇಳುವವರು ವಿರಳ.

ಈ ಬೇಯಿಸಿದ ಬಣ್ಣದ ಮೇಲೆ ಹಚ್ಚುವುದೆಲ್ಲ ಕ್ಲಿಯರ್‌ಕೋಟಿನ ಹೊಳಪನ್ನು ಬಿಸಿಲು, ಹಕ್ಕಿಹಿಕ್ಕೆ, ಮರದ ಅಂಟು, ಧೂಳಿನಿಂದ ಕಾಯಲಿಕ್ಕೆ. ಆ ಮಟ್ಟಿಗೆ ಎಲ್ಲಕ್ಕೂ ಉಪಯೋಗವಿದೆ. ಮೇಣ ಎಲ್ಲಕ್ಕಿಂತ ಹಳೆಯದು. ಒಳ್ಳೆಯ ಮೇಣದಲ್ಲಿ ಇರುವುದು ಕಾರ್ನೌಬಾ, ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆಜಾತಿಯ ಮರದ ಎಲೆಯ ಮೇಣ. ಆ ಒಣ ನೆಲದಲ್ಲಿ ಮರ ತನ್ನ ನೀರು ಆರಿಹೋಗದಂತೆ ಎಲೆಗೆ ಕಟ್ಟಿಕೊಳ್ಳುವ ಪದರ ಅದು. 82 ಡಿಗ್ರಿ ದಾಟದೆ ಕರಗುವುದಿಲ್ಲ, ಹಾಗಾಗಿ ನಮ್ಮ ಏಪ್ರಿಲ್‌ನ ಬಿಸಿಲಿಗೆ ಸುಲಭವಾಗಿ ಸೋಲದು. ಆದರೆ ಇಲ್ಲಿನ ಮಳೆಯಲ್ಲಿ, ತೊಳೆತದಲ್ಲಿ ಕೆಲವು ವಾರಗಳಷ್ಟೇ ನಿಲ್ಲುತ್ತದೆ. ಒಂದು ಡಬ್ಬಿಗೆ ಸಾವಿರ ರೂಪಾಯಿಯ ಸುತ್ತಮುತ್ತ, ಬಹಳ ದಿನ ಬರುತ್ತದೆ. ಕೃತಕ ಪಾಲಿಮರಿನ ಸೀಲಂಟ್ ಮೂರರಿಂದ ಆರು ತಿಂಗಳು ಬಾಳುತ್ತದೆ, ಸ್ಪ್ರೇ ಮಾಡಿ ಒರೆಸಿದರಾಯಿತು. ನಮ್ಮಲ್ಲಿ ಬಹುಪಾಲು ಜನರ ಗಾಡಿಗೆ ಇಷ್ಟು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ. ಕಾರ್ಖಾನೆಯ ಬಣ್ಣ ಬೆಂದು ಬಂದಿರುವುದರಿಂದ ಹೊಸ ಕಾರಿಗೆ ಮರುದಿನವೇ ಹಚ್ಚಬಹುದು. ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗಕ್ಕೆ ಮಾತ್ರ ಒಂದೆರಡು ತಿಂಗಳು ಬಿಡಿ, ಅದರೊಳಗಿನ ದ್ರಾವಕ ಹೊರಹೋಗಬೇಕು.

ಟೆಫ್ಲಾನ್ ಎಂದು ಕೊಡುವುದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡೆನು. ಟೆಫ್ಲಾನ್ ಕರಗುವುದು 327 ಡಿಗ್ರಿಯಲ್ಲಿ. ಕಾವಲಿಗೆ ಅದನ್ನು ಅಂಟಿಸಲು ಅಂಥ ಶಾಖದಲ್ಲೇ ಬೇಯಿಸಬೇಕು. ಕಾರಿನ ಮೇಲೆ ಆ ಶಾಖ ಕೊಟ್ಟರೆ ಬಣ್ಣ ಉಳಿಯುತ್ತದೆಯೇ? ಬಟ್ಟೆಯಲ್ಲಿ ಒರೆಸಿದ ದ್ರವದಲ್ಲಿ ಆ ಪುಡಿ ಇದ್ದರೂ ಅದು ಬಣ್ಣಕ್ಕೆ ಕಚ್ಚಿಕೊಳ್ಳುವುದಿಲ್ಲ. ಆ ಹೆಸರಿನಲ್ಲಿ ಕೆಲ ತಿಂಗಳು ಹೊಳೆಯುವುದು ಜೊತೆಗೆ ಬೆರೆಸಿರುವ ಮೇಣ ಅಥವಾ ಪಾಲಿಮರು.

ಸೆರಾಮಿಕ್ ಹಾಗಲ್ಲ, ಅದು ನಿಜವಾದ ವಸ್ತು. ಸಿಲಿಕಾ ಜಾತಿಯ ದ್ರವ ಗಾಳಿಯ ತೇವದೊಂದಿಗೆ ವರ್ತಿಸಿ ಕ್ಲಿಯರ್‌ಕೋಟಿನ ಮೇಲೆ ಗಟ್ಟಿಯಾಗುತ್ತದೆ. ಒಂದೆರಡು ವರ್ಷ ನೀರು ಉರುಳಿ ಹೋಗುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಬಿಸಿಲಿಗೆ ಬಣ್ಣ ಮಾಸುವುದು ತಡವಾಗುತ್ತದೆ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್, ಹಲವು ಸಲ ಅಷ್ಟೂ ಇರುವುದಿಲ್ಲ. ನಮ್ಮ ತಲೆಗೂದಲಿನ ದಪ್ಪ 70 ಮೈಕ್ರಾನಿನ ಸುಮಾರು. ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲನ್ನು ಇಷ್ಟು ತೆಳ್ಳಗಿನ ಪದರ ತಡೆಯದು. ‘9ಎಚ್ ಗಡಸುತನ’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆ ಎಚ್ ಪೆನ್ಸಿಲಿನದು. ಬಣ್ಣದ ಪದರವನ್ನು ಬೇರೆ ಬೇರೆ ಗಡಸುತನದ ಪೆನ್ಸಿಲುಗಳಿಂದ ಗೀರಿ ನೋಡುವ ಪರೀಕ್ಷೆಯೊಂದಿದೆ. 9ಎಚ್ ಎಂದರೆ ಅದರಲ್ಲಿ ಆ ಪೆನ್ಸಿಲು ಗೀರಲಿಲ್ಲ ಎಂದಷ್ಟೇ. ವಜ್ರಕ್ಕೆ 10 ಅಂಕ ಕೊಡುವ ಖನಿಜಗಳ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಗ್ರ್ಯಾಫೀನ್ ಎಂದು ಇನ್ನೂ ಹೆಚ್ಚು ಬೆಲೆ ಹೇಳಿದರೆ, ಬಾಟಲಿಯಲ್ಲಿ ಎಷ್ಟು ಗ್ರ್ಯಾಫೀನ್ ಇದೆ, ಅದರಿಂದ ಏನು ಹೆಚ್ಚಾಯಿತು ಎಂದು ಬರಹದಲ್ಲಿ ಕೇಳಿ.

ನಮ್ಮ ಹವೆಗೆ ಸಂಬಂಧಿಸಿದ ಎರಡು ಮಾತನ್ನು ಮಾರುವವರು ಹೇಳುವುದಿಲ್ಲ. ಸೆರಾಮಿಕ್ ತೇವದಿಂದ ಗಟ್ಟಿಯಾಗುವ ವಸ್ತುವಾದ್ದರಿಂದ ತೇವ ತೀರಾ ಹೆಚ್ಚಿದ್ದರೆ ಒರೆಸುವ ಮೊದಲೇ ಬಿಗಿದು ಕಲೆ ಕಟ್ಟುತ್ತದೆ. ಹಚ್ಚಿದ ಮೇಲೆ ಮೊದಲ ದಿನ ನೀರು ತಾಗಬಾರದು, ಒಂದು ವಾರ ತೊಳೆಯಬಾರದು. ಜುಲೈ ತಿಂಗಳ ಕಾರವಾರದಲ್ಲಿ ಇದು ನಡೆಯುವ ಮಾತೇ? ಮಳೆಗಾಲದಲ್ಲಿ ಡೆಲಿವರಿ ಪಡೆದವರು ಸೆರಾಮಿಕ್ ಬೇಕೇ ಬೇಕೆಂದರೆ ನವೆಂಬರ್‌ನಿಂದ ಫೆಬ್ರವರಿಯ ನಡುವೆ ಹಾಕಿಸಿ, ಅಲ್ಲಿಯ ತನಕ ಸೀಲಂಟ್ ಹಚ್ಚಿಕೊಳ್ಳಿ. ಎರಡನೆಯದು, ನೀರು ಮಣಿಮಣಿಯಾಗಿ ನಿಲ್ಲುವುದನ್ನು ನೋಡಲು ಚೆಂದ, ಆದರೆ ಬಿಸಿಲಿಗೆ ಆ ಹನಿ ಅಲ್ಲೇ ಆರಿದರೆ ಅದರೊಳಗಿನ ಉಪ್ಪು, ಸುಣ್ಣ ಬಿಳಿ ವೃತ್ತವಾಗಿ ಉಳಿಯುತ್ತದೆ, ಬಿಟ್ಟರೆ ಬಣ್ಣವನ್ನು ಕೊರೆಯುತ್ತದೆ. ಸೆರಾಮಿಕ್ ಹಾಕಿಸಿದವರೂ ತೊಳೆದ ಮೇಲೆ ಒರೆಸಲೇಬೇಕು.

ಹಚ್ಚುವ ಕೈಯೂ ಮುಖ್ಯ. ಕೋಟಿಂಗಿಗೆ ಮುನ್ನ ಬಣ್ಣವನ್ನು ಶುಚಿಮಾಡಿ ಗೀರುಗಳನ್ನು ತೆಗೆಯಬೇಕು. ಗೋದಾಮಿನಲ್ಲಿ ನಿಂತು, ಅವಸರದ ತೊಳೆತದಲ್ಲಿ ಗೀರು ಬಿದ್ದ ಗಾಡಿಗೆ ಡೆಲಿವರಿಯ ಹಿಂದಿನ ಸಂಜೆ ಹಚ್ಚಿಕೊಟ್ಟರೆ ಆ ಗೀರುಗಳ ಮೇಲೇ ಪದರ ಕೂರುತ್ತದೆ. ಹಾಗೆಂದು ಪ್ರತಿ ವರ್ಷ ಪಾಲಿಶ್ ಯಂತ್ರ ಹಿಡಿಯುವುದೂ ತಪ್ಪು. ಪ್ರತಿ ಸಲವೂ ಕ್ಲಿಯರ್‌ಕೋಟ್ ಒಂದಿಷ್ಟು ಸವೆಯುತ್ತದೆ, ಇರುವುದೇ 35ರಿಂದ 50 ಮೈಕ್ರಾನ್. ಬಿಡುವು, ಆಸೆ, ಕಪ್ಪು ಅಥವಾ ಗಾಢ ನೀಲಿ ಗಾಡಿ, ನೆರಳಿನ ಷೆಡ್ಡು, ಕೆಲಸ ಬಲ್ಲ ಡೀಟೇಲಿಂಗಿನವರು, ಇವೆಲ್ಲ ಇರುವವರು ಸೆರಾಮಿಕ್ ಹಾಕಿಸಿ, ತಪ್ಪಿಲ್ಲ. ತುಕ್ಕಿಗೆ ಮದ್ದು ಎಂದು ಮಾತ್ರ ಹಾಕಿಸಬೇಡಿ.

ಪಿಪಿಎಫ್ ಎಂದರೆ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೇಥೇನ್ ಹಾಳೆ. ಇದು ಕಲ್ಲಿನ ಏಟನ್ನು ತಾಳುತ್ತದೆ. ಕಲ್ಲು ತಾಗಿ ಬಣ್ಣ ಹಾರಿದ ಸಾಸಿವೆಯಷ್ಟು ಜಾಗದಲ್ಲಿ ತಗಡು ಬಯಲಾಗಿ, ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಹಾಗಾಗಿ ಹೆದ್ದಾರಿ 66ರಲ್ಲಿ ದಿನವೂ ಲಾರಿಗಳ ಹಿಂದೆ ಓಡುವವರಿಗೆ ಇದರಲ್ಲಿ ನಿಜವಾದ ಪ್ರಯೋಜನವಿದೆ. ಇಡೀ ಗಾಡಿಗೆ ಬೇಡ. ಬಾನೆಟ್ಟಿನ ಮುಂದಿನ ಅಂಚು, ಚಕ್ರದ ಹಿಂದಿನ ಬಾಗಿಲ ಕೆಳಭಾಗ, ಬಾಗಿಲಿನ ಅಂಚು, ಹೀಗೆ ಉಕ್ಕಿರುವ ಕಡೆ ಹಾಕಿಸಿ. ಮುಂದಿನ ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಜೊತೆಗೆ ನಾಲ್ಕೂ ಚಕ್ರಕ್ಕೆ ಮಡ್‌ಫ್ಲ್ಯಾಪ್ ಹಾಕಿಸಿ. ಕೆಲವು ನೂರು ರೂಪಾಯಿಯ ಆ ರಬ್ಬರು ಎಷ್ಟೋ ಕಲ್ಲುಗಳನ್ನು ತಡೆಯುತ್ತದೆ. ಬಣ್ಣ ಹಾರಿದ ಚುಕ್ಕೆ ಕಂಡರೆ ಕಂಪನಿಯ ಟಚ್‌ಅಪ್ ಬಣ್ಣವನ್ನು ಆ ವಾರವೇ ಹಚ್ಚಿ.

ಇನ್ನು ಅಡಿಭಾಗ. ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ, ಆದರೆ ಎಚ್ಚರವೂ ಇಲ್ಲೇ ಹೆಚ್ಚು ಬೇಕು. ದಪ್ಪನೆಯ ಕಪ್ಪು ಡಾಂಬರಿನಂಥ ಕೋಟಿಂಗನ್ನು ಶುಚಿಯಾದ, ಒಣಗಿದ ಹೊಸ ಚಾಸಿಗೆ ಹೊಡೆದರೆ ಒಳ್ಳೆಯದು. ಕೆಸರಿನಲ್ಲಿ ಓಡಾಡಿದ ಗಾಡಿಗೆ, ತೇವ ಆರದೆ ಹೊಡೆದರೆ ಉಪ್ಪನ್ನೂ ನೀರನ್ನೂ ಒಳಗೇ ಮುಚ್ಚಿದಂತಾಗುತ್ತದೆ. ಒಳಗೆ ತುಕ್ಕು ಬೆಳೆಯುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಬಾಗಿಲಿನ ಕೆಳಗೆ, ಬದಿಯ ಪೊಳ್ಳು ಚೌಕಟ್ಟಿನ ಕೆಳಗೆ ನೀರು ಇಳಿದುಹೋಗಲು ತೂತುಗಳಿರುತ್ತವೆ. ಕೋಟಿಂಗ್ ಹೊಡೆಯುವವರು ಅವನ್ನು ಮುಚ್ಚಿಬಿಟ್ಟರೆ ಕೋಟಿಂಗ್ ಇಲ್ಲದಿರುವುದೇ ವಾಸಿ ಎಂಬ ಸ್ಥಿತಿ ಬರುತ್ತದೆ. ಕೆಲಸ ಮುಗಿದ ಮೇಲೆ ಕೂತು ನೋಡಿ, ತೂತುಗಳು ತೆರೆದಿವೆಯೇ ಎಂದು. ಪೊಳ್ಳುಗಳ ಒಳಗೆ ಸಿಂಪಡಿಸುವ ಮೇಣದ ಅಥವಾ ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ನಿನ ಲೇಪಗಳು ಸಿಕ್ಕರೆ ನಾನು ಅವನ್ನೇ ಹೆಚ್ಚು ಮೆಚ್ಚುತ್ತೇನೆ. ಅವು ಮೃದುವಾಗಿದ್ದು ಬಿರುಕು ಬಿಡುವುದಿಲ್ಲ, ಸಂದಿಗೆ ಹರಿಯುತ್ತವೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುವ ಕೆನಡಾದಲ್ಲಿ ವರ್ಷಕ್ಕೊಮ್ಮೆ ಕಾರಿನಡಿಗೆ ಇಂಥ ಎಣ್ಣೆಲೇಪ ಹಾಕಿಸುವ ರೂಢಿ ಇದೆ. ನಮ್ಮ ಕೆಲವು ವಾಟರ್ ಸರ್ವಿಸ್‌ಗಳಲ್ಲಿ ಅಡಿಗೆ ಡೀಸೆಲ್, ಹಳೆಯ ಎಂಜಿನ್ ಆಯಿಲ್ ಎರಚುವುದನ್ನು ದಯವಿಟ್ಟು ಬೇಡವೆನ್ನಿ. ಅದು ರಬ್ಬರಿನ ಬುಷ್‌ಗಳನ್ನು ಕೆಡಿಸುತ್ತದೆ, ಧೂಳನ್ನು ಹಿಡಿದಿಡುತ್ತದೆ, ಕೊನೆಗೆ ನಮ್ಮ ಬಾವಿಯ ನೀರಿಗೇ ಇಳಿಯುತ್ತದೆ.

ಯಾವ ಲೇಪಕ್ಕಿಂತಲೂ ಮಿಗಿಲಾದದ್ದು ಸಿಹಿನೀರು. ಹೆಚ್ಚಿನ ಕಾರುಗಳ ಕೈಪಿಡಿಯಲ್ಲೇ ಸಮುದ್ರತೀರದವರು ಹೆಚ್ಚು ಸಲ ತೊಳೆಯಬೇಕು, ಅಡಿಭಾಗವನ್ನೂ ತೊಳೆಯಬೇಕು ಎಂದು ಬರೆದಿರುತ್ತದೆ. ದಂಡೆಯ ಹತ್ತಿರ ಮನೆಯಿರುವವರು ಒಣ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಪೈಪ್ ಹಿಡಿದು ಮಡ್‌ಗಾರ್ಡಿನ ಒಳಗೆ, ಚಾಸಿಯ ಕೆಳಗೆ ನೀರು ಬಿಡಿ. ತಿಂಗಳಿಗೊಮ್ಮೆ ಲಿಫ್ಟಿಗೇರಿಸಿ ಅಡಿಯನ್ನು ತೊಳೆಸಿ. ನೀರು ಸಿಹಿಯಾಗಿರಬೇಕು. ಕಾಳಿಯ ಅಳಿವೆಯ ಬದಿಯ, ಗಜನಿ ಗದ್ದೆಗಳ ಬದಿಯ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪೇರುತ್ತದೆ. ಬಾಯಿಗೆ ಉಪ್ಪೆನಿಸುವ ನೀರನ್ನು ಕಾರಿಗೆ ಹಾಕಬೇಡಿ, ನಲ್ಲಿಯ ನೀರು ನಾಲ್ಕು ಬಕೆಟ್ ಸಿಕ್ಕರೂ ಅದೇ ಮೇಲು. ಮೊದಲು ಬರೀ ನೀರಿನಿಂದ ಮರಳು, ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಒಣ ಧೂಳನ್ನು ಬಟ್ಟೆಯಿಂದ ಕೊಡವುವುದೇ ಗೀರುಗಳಿಗೆ ಮೂಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಹಚ್ಚಿದ ಮೇಣವೆಲ್ಲ ಹೋಗುತ್ತದೆ. ಗಾಜಿನ ವೈಪರಿನ ಬುಡದಲ್ಲಿ ತುಂಬಿಕೊಳ್ಳುವ ಗಾಳಿಮರದ ಕಡ್ಡಿ, ಮಾವಿನ ಎಲೆಗಳನ್ನು ತೆಗೆಯಿರಿ, ಅಲ್ಲಿ ನೀರಿನ ದಾರಿ ಕಟ್ಟಿದರೆ ಗಾಡಿಯೊಳಗಿನ ಕಾರ್ಪೆಟ್ಟಿನಡಿ ಒದ್ದೆಯಾಗಿ ನೆಲದ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಕಾರಿನ ಕವರ್ ನಮ್ಮಲ್ಲಿ ಕೆಲಸಕ್ಕೆ ಬಾರದು. ಅದು ತೇವವನ್ನು ಒಳಗೆ ಹಿಡಿಯುತ್ತದೆ, ಗಾಳಿಗೆ ಬಡಿದು ಕೆಳಗಿನ ಧೂಳನ್ನು ಬಣ್ಣಕ್ಕೆ ತಿಕ್ಕುತ್ತದೆ. ನಾಲ್ಕೂ ಕಡೆ ಮುಚ್ಚಿದ, ಗಾಳಿಯಾಡದ ಗ್ಯಾರೇಜಿಗಿಂತ ಮೇಲೆ ಮಾತ್ರ ಸೂರಿರುವ ಷೆಡ್ಡು ಒಳ್ಳೆಯದು. ಆಯುಧಪೂಜೆಗೆ, ಹೊಸ ಗಾಡಿಯ ಪೂಜೆಗೆ ಬಾನೆಟ್ಟಿನ ಮೇಲೆ ಅರಿಶಿನ, ಕುಂಕುಮ ಹಚ್ಚುತ್ತೇವೆ. ಹಚ್ಚಬೇಕಾದದ್ದೇ. ಆ ಸಂಜೆಯೇ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿಬಿಡಿ. ಬಿಳಿ ಗಾಡಿಯ ಮೇಲೆ ಅರಿಶಿನ ಒಂದು ಬಿಸಿಲು ಕಂಡರೂ ಕಲೆ ಉಳಿಯಬಹುದು. ಹೂವಿನ ಹಾರಕ್ಕೆ ತಂತಿಯ ಬದಲು ನೂಲು ಕಟ್ಟಿ. ಹಕ್ಕಿಹಿಕ್ಕೆ ಬಿದ್ದರೆ ಕೋಟಿಂಗ್ ಇದೆ ಎಂದು ಬಿಡಬೇಡಿ, ಯಾವ ಕೋಟಿಂಗೂ ಕೊಡುವುದು ಕೆಲವು ಗಂಟೆಗಳ ಬಿಡುವು ಮಾತ್ರ. ಮಾಜಾಳಿಯ ದಂಡೆಯಲ್ಲಿ, ಕಾರವಾರದ ಕಡಲ ತೀರದಲ್ಲಿ ನೀರಿನಂಚಿಗೆ ಗಾಡಿ ಇಳಿಸಿ ಫೋಟೋ ತೆಗೆಯುವ ಹುಡುಗರಿಗೆ ಅಣ್ಣನಂತೆ ಬೇಡಿಕೊಳ್ಳುತ್ತೇನೆ, ಹಾಗೆ ಮಾಡಬೇಡಿ. ಅಪ್ಪ ಕಟ್ಟುವ ಕಂತಿನ ಗಾಡಿ ಅದು.

ದುಡ್ಡಿನ ಬಗ್ಗೆ ಒಂದು ಮಾತು. ಕೋಟಿಂಗ್ ತೆಗೆದುಕೊಂಡರೆ ಮಾತ್ರ ಗಾಡಿ ಬೇಗ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಬೇಕೆಂದು ಷರತ್ತು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ‘ಐದು ವರ್ಷ ವಾರಂಟಿ’ ಎಂದರೆ ಅದರ ಕಾಗದವನ್ನು ಪೂರ್ತಿ ಓದಿ. ಪ್ರತಿ ವರ್ಷ ಅವರಲ್ಲೇ ಹಣ ಕೊಟ್ಟು ತಪಾಸಣೆ ಮಾಡಿಸಬೇಕೆಂಬ ಷರತ್ತು, ನೀರಿನ ಕಲೆ, ಹಕ್ಕಿಹಿಕ್ಕೆ, ಕಲ್ಲೇಟು ಇದಕ್ಕೆ ಸೇರಿಲ್ಲವೆಂಬ ಸಾಲು ಅಲ್ಲಿರುತ್ತದೆಯೇ ನೋಡಿ. ತುಕ್ಕಿಗೆ ವಿಮೆಯೂ ಸಿಗುವುದಿಲ್ಲ, ಸವಕಳಿಯನ್ನು ಮೋಟಾರು ವಿಮೆ ಹೊರಗಿಡುತ್ತದೆ.

ನನ್ನ ಕೈಯಲ್ಲಿ 25,000 ರೂಪಾಯಿ ಕೊಟ್ಟು ನಿಮ್ಮ ಗಾಡಿಗೆ ಖರ್ಚು ಮಾಡಿ ಎಂದರೆ ಮೊದಲು ಚಾಸಿಗೂ ಪೊಳ್ಳುಗಳಿಗೂ ಒಳ್ಳೆಯ ಲೇಪ ಹಾಕಿಸುತ್ತೇನೆ. ಆಮೇಲೆ ಮಡ್‌ಫ್ಲ್ಯಾಪ್, ಬಾನೆಟ್ಟಿನ ಅಂಚಿಗೆ ಫಿಲ್ಮ್, ಒಂದು ಬಾಟಲಿ ಸೀಲಂಟ್, ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಉದ್ದ ಪೈಪು. ಉಳಿದದ್ದನ್ನು ಮುಂದಿನ ವರ್ಷಗಳ ಅಡಿಭಾಗದ ತೊಳೆತಕ್ಕೆ ಎತ್ತಿಡುತ್ತೇನೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ, ಗಾಡಿಯನ್ನು ಲಿಫ್ಟಿಗೇರಿಸಿದಾಗ ನೀವೇ ಟಾರ್ಚು ಹಿಡಿದು ಕೆಳಗೆ ನಿಂತು ನೋಡಿ. ಎಲ್ಲಿ ಕಂದು ಬಣ್ಣ ಕಂಡಿತೋ ಅಲ್ಲಿ ಆಗಲೇ ಕೆರೆಸಿ, ಪ್ರೈಮರ್ ಹಾಕಿಸಿ.

ಷೋರೂಮಿನಲ್ಲಿ ಆ ಹಾಳೆ ಮುಂದೆ ಬಂದಾಗ ಅವತ್ತೇ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ಯಾವ ಕೋಟಿಂಗನ್ನಾದರೂ ಕಾರು ಮನೆಗೆ ಬಂದ ಮೇಲೂ ಹಾಕಿಸಬಹುದು, ಅದಕ್ಕೆ ಡೆಲಿವರಿಯ ದಿನವೇ ಆಗಬೇಕೆಂಬ ನಿಯಮವಿಲ್ಲ.

ಇತಿ,
ಚಿತ್ತಾಕುಲದ ನಿಮ್ಮವ